ಗೇಟಿನಲ್ಲಿರುವ ಗಡಿ: ಬೆಂಗಳೂರಿನ ಮನೆಗೆಲಸ ಮತ್ತು ‘ಜಾಗತಿಕ ಆರೈಕೆಯ ಸರಪಳಿ’

ಆಧುನಿಕ ಸಮಾಜದಲ್ಲಿ ಮನೆಯಾಳಿನ ಪಾತ್ರಕ್ಕೆ ಜಾಗವಿಲ್ಲ, ಅದು ಅಳಿದುಹೋಗುತ್ತಿದೆ ಎಂದು ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1973ರಲ್ಲಿ ವಾದಿಸಿದರು. ಆ ಮಾತು ಸುಳ್ಳಾಯಿತೆಂಬ ಬಗ್ಗೆ ಇಂದು ಚರ್ಚೆಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2021ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 7.56 ಕೋಟಿ ಜನ ಮನೆಗೆಲಸ ಮಾಡಿ ಬದುಕುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ದೊಡ್ಡ ಸಂಬಳದ ಉದ್ಯೋಗ ಬೆಳೆದಂತೆ ಅಗ್ಗದ ದುಡಿಮೆಗೂ ಬೇಡಿಕೆ ಬೆಳೆಯುತ್ತದೆಂದು ಸಾಸ್ಕಿಯಾ ಸಾಸೆನ್ ತೋರಿಸಿದರು. ರೋಮ್ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ದುಡಿಯುವ ಫಿಲಿಪ್ಪೀನ್ಸ್ ಹೆಂಗಸರನ್ನು ರೇಸಲ್ ಪರೆನ್ಯಾಸ್ ಅಧ್ಯಯನ ಮಾಡಿದರು. ಅದನ್ನು ಆಧರಿಸಿ ಆರ್ಲಿ ಹಾಕ್‌ಶೀಲ್ಡ್ ‘ಜಾಗತಿಕ ಆರೈಕೆಯ ಸರಪಳಿ’ ಎಂಬ ಪರಿಕಲ್ಪನೆ ಕೊಟ್ಟರು. ಶ್ರೀಮಂತ ದೇಶದ ಮಗುವನ್ನು ಬಡ ದೇಶದ ತಾಯಿ ನೋಡಿಕೊಳ್ಳುತ್ತಾಳೆ. ಅವಳ ಮಗುವನ್ನು ಅವಳಿಗಿಂತ ಬಡವಳೊಬ್ಬಳು. ಆ ಬಡವಳ ಮಕ್ಕಳನ್ನು ಅವಳ ಹಿರಿಮಗಳು.

ನನ್ನ ತಕರಾರು ಈ ಸರಪಳಿಯ ಬಗ್ಗೆ ಅಲ್ಲ, ಅದನ್ನು ಬೆಸೆಯುವ ಬೆಸುಗೆಯ ಬಗ್ಗೆ. ಈ ಸಿದ್ಧಾಂತದಲ್ಲಿ ದುಡಿಮೆಯನ್ನು ಅಗ್ಗವಾಗಿಸುವುದು ರಾಷ್ಟ್ರದ ಗಡಿ. ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಇದು ನಿಚ್ಚಳ: ಅಲ್ಲಿ ವೀಸಾ ಮಾಲೀಕನ ಕೈಯಲ್ಲಿ, ಮನೆ ಬಿಟ್ಟವಳು ಅಪರಾಧಿ. ಬೆಂಗಳೂರಿನಲ್ಲಿ ಹಾಗಿಲ್ಲ. ‘ನಾಲ್ಕು ಮನೆ ಹಿಡಿದಿದೀನಿ, ಒಂದು ಮನೆ ಬಿಟ್ಟೆ’ ಎಂದು ಇಲ್ಲಿನ ಹೆಂಗಸರು ಸಲೀಸಾಗಿ ಹೇಳುತ್ತಾರೆ. ಹಿಡಿಯುವ, ಬಿಡುವ ಈ ಮಾತಿನಲ್ಲಿ ನಿಜವಾದ ಸ್ವಾತಂತ್ರ್ಯವಿದೆ, ಅದನ್ನು ಅಲ್ಲಗಳೆಯಬಾರದು. ಹಾಗಿದ್ದೂ ಒಂದು ಮನೆ ಬಿಟ್ಟವಳಿಗೆ ಸಿಗುವುದು ಅಂಥದೇ ಇನ್ನೊಂದು ಮನೆ. ಏಕೆ?

ಕೆಲಸದ ಹಂಚಿಕೆಯನ್ನು ನೋಡಬೇಕು. ಪಾತ್ರೆ, ಬಟ್ಟೆ, ಕಸ-ನೆಲ, ಅಡುಗೆ, ಬಾತ್‌ರೂಮು ಎಂದು ಒಂದೊಂದಕ್ಕೂ ಬೇರೆ ದರ. ಅಡುಗೆಗೆ ಬರುವವಳ ಜಾತಿಯನ್ನು ನೇರವಾಗಿಯೋ ‘ವೆಜ್ ತಾನೇ?’ ಎಂಬ ಪ್ರಶ್ನೆಯ ಮರೆಯಲ್ಲೋ ವಿಚಾರಿಸುವ ಮನೆಗಳಿವೆ. ಅಡುಗೆಯವಳು ಬಾತ್‌ರೂಮು ತೊಳೆಯಲು ಒಪ್ಪುವುದಿಲ್ಲ. ತೊಳೆಯುವವಳನ್ನು ಒಲೆಯ ಬಳಿ ಬಿಡುವುದಿಲ್ಲ. ಅವಳಿಗೆ ಕಾಫಿ ಬೇರೆ ಲೋಟದಲ್ಲಿ. ಕಫಾಲಾ ಹೆಣ್ಣನ್ನು ಒಂದು ಮನೆಗೆ ಕಟ್ಟಿಹಾಕಿದರೆ, ಜಾತಿ ಅವಳನ್ನು ಒಂದು ಬಗೆಯ ಕೆಲಸಕ್ಕೆ ಕಟ್ಟಿಹಾಕುತ್ತದೆ. ಅಂದರೆ ಅಲ್ಲಿ ವೀಸಾ ಮಾಡುವ ಕೆಲಸದ ಬಹುಭಾಗವನ್ನು ಇಲ್ಲಿ ಜಾತಿ ಮಾಡುತ್ತದೆ.

ಈ ಮಾತಿಗೆ ಮಿತಿಗಳಿವೆ. ಮನೆಗೆಲಸದವರೆಲ್ಲ ದಲಿತರಲ್ಲ, ಕೆಲಸ ಕೊಡುವವರೆಲ್ಲ ಮೇಲ್ಜಾತಿಯವರೂ ಅಲ್ಲ. ರಾಯಚೂರು, ಕಲಬುರಗಿ ಕಡೆಯಿಂದ ಬರ ತಳ್ಳಿದ ಕುಟುಂಬಗಳಿಗೆ ಜಾತಿಯಷ್ಟೇ ಸಾಲವೂ ನೊಗ. ಕೋಲ್ಕತ್ತದ ಬಗ್ಗೆ ಬರೆದ ರಾಕಾ ರೇ ಮತ್ತು ಸೀಮಿನ್ ಕಯ್ಯೂಮ್ (2009) ಊಳಿಗದ ಹಳೆಯ ಸಂಸ್ಕೃತಿಯೇ ಫ್ಲ್ಯಾಟುಗಳಲ್ಲಿ ರೂಪ ಬದಲಿಸಿಕೊಂಡು ಉಳಿದಿದೆ ಎನ್ನುತ್ತಾರೆ. ನನ್ನ ವಾದ ಅದಕ್ಕೆ ಋಣಿ. ಆದರೆ 2020ರ ಲಾಕ್‌ಡೌನ್ ಕಣ್ಣಿಗೆ ಕಾಣಿಸಿದ್ದನ್ನು ‘ಉಳಿಕೆ’ ಎಂಬ ಪದ ಹಿಡಿಯಲಾರದು. ಅಪಾರ್ಟ್‌ಮೆಂಟುಗಳು ಆಗ ಗೇಟು ಮುಚ್ಚಿ ಮನೆಗೆಲಸದವರನ್ನು ಹೊರಗೆ ನಿಲ್ಲಿಸಿದವು. ಎಷ್ಟೋ ಹೆಂಗಸರ ಸಂಬಳ ನಿಂತಿತು. ಇಂದು ಅದೇ ಗೇಟಿನಲ್ಲಿ ಆ್ಯಪ್ ಅವರು ಬಂದುಹೋಗುವುದನ್ನು ದಾಖಲಿಸುತ್ತದೆ, ಬ್ಯಾಗು ತಪಾಸಣೆಯಾಗುತ್ತದೆ, ಬೇರೆ ಲಿಫ್ಟು ತೋರಿಸಲಾಗುತ್ತದೆ. ಇದು ಐಟಿ ಹಣದೊಂದಿಗೆ ಎದ್ದ ಹೊಸ ಗಡಿ.

ರಾಷ್ಟ್ರದ ಗಡಿಯ ಬಗ್ಗೆ ಕನ್ನಡದ ಮನೆಗಳೇ ಇನ್ನೊಂದು ಸಾಕ್ಷ್ಯ ಒದಗಿಸುತ್ತವೆ. ಅಮೆರಿಕದಲ್ಲಿ ಮಗಳ ಬಾಣಂತನಕ್ಕೆ ಮೈಸೂರಿನ ತಾಯಿ ಪ್ರವಾಸಿ ವೀಸಾದಲ್ಲಿ ಆರು ತಿಂಗಳು ಹೋಗಿಬರುತ್ತಾಳೆ. ಅಷ್ಟು ದಿನ ಇಲ್ಲಿನ ಮುದಿ ಅತ್ತೆಯನ್ನು ನೋಡಿಕೊಳ್ಳುವವಳು ಸಂಬಳದ ಹೆಂಗಸು. ಸಾಗರ ದಾಟುವುದು ಪ್ರೀತಿಯ ಬಿಟ್ಟಿ ದುಡಿಮೆ. ಕೂಲಿಯ ದುಡಿಮೆ ಮೈಸೂರಿನಲ್ಲೇ ಉಳಿಯುತ್ತದೆ. ಪರೆನ್ಯಾಸರ ಚಿತ್ರ ಇಲ್ಲಿ ಬಹುಮಟ್ಟಿಗೆ ತಲೆಕೆಳಗಾಗಿದೆ.

ಕಾನೂನು ಗೇಟಿನವರೆಗೆ ಬಂದಿದೆ, ಹೊಸ್ತಿಲು ದಾಟಿಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ಮನೆಗೆಲಸದವರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆಯ (ಸಂಖ್ಯೆ 189) ಪರ ಭಾರತ ಮತ ಹಾಕಿತು, ಅನುಮೋದಿಸಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮನೆಗೆಲಸವನ್ನು ‘ಕೈಗಾರಿಕೆ’ಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಜನವರಿ 2025ರಲ್ಲಿ ಸುಪ್ರೀಂ ಕೋರ್ಟು ಈ ದುಡಿಮೆಗಾರರಿಗೆ ಕಾನೂನಿನ ಚೌಕಟ್ಟು ರೂಪಿಸುವ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು.

ನನ್ನ ವಾದಕ್ಕೆ ಸುಲಭವಾಗಿ ಒಗ್ಗದವರು ಬೆಂಗಳೂರಿನ ಪೂರ್ವದಂಚಿನ ಶೆಡ್ಡುಗಳಲ್ಲಿ ವಾಸಿಸುವ, ಬಂಗಾಳಿ ಮಾತಾಡುವ ಮುಸ್ಲಿಂ ಹೆಂಗಸರು. ಕೆಲಸಕ್ಕೆ ಮೊದಲು ಅವರನ್ನು ಕೇಳುವುದು ಜಾತಿಯಲ್ಲ, ಪೌರತ್ವದ ಕಾಗದಪತ್ರ. ಇವರ ವಿಷಯದಲ್ಲಿ ಗೇಟಿನ ಗಡಿಯೂ ದೇಶದ ಗಡಿಯೂ ಒಂದರ ಮೇಲೊಂದು ಕೂತಿವೆ. ಅವರ ಕೂಲಿಯನ್ನು ತಗ್ಗಿಸುತ್ತಿರುವುದು ಇವೆರಡರಲ್ಲಿ ಯಾವುದು ಎಂಬುದನ್ನು ಅವರೊಂದಿಗೆ ಕೂತು ಬಂಗಾಳಿಯಲ್ಲಿ ಮಾತಾಡದೆ ತೀರ್ಮಾನಿಸುವಂತಿಲ್ಲ.