ಬೆಂಗಳೂರು ಹೋಯ್ತು, ನಾಡು ಉಳೀತು

ಕೆಂಪೇಗೌಡರು ಅಂದ್ರೆ ನಮಗೆ ಏರ್‌ಪೋರ್ಟು, ಬಸ್ ಸ್ಟ್ಯಾಂಡು, ಮೆಟ್ರೋ ಸ್ಟೇಷನ್ನು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರು ಪೇಟೆ ಶುರು ಮಾಡಿದರು ಅನ್ನೋದರೊಂದಿಗೆ ಕಥೆ ಮುಗಿದುಹೋಗುತ್ತೆ. ಆದರೆ ಬೆಂಗಳೂರನ್ನು ಕಳೆದುಕೊಂಡ ಮೇಲೂ ಅವರ ವಂಶ ತೊಂಬತ್ತು ವರ್ಷ ಆಳಿತು. ಎಲ್ಲಿಂದ ಅಂತೀರಾ? ಮಾಗಡಿಯಿಂದ. ಬಿಡದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋರು ಭಾನುವಾರ ಹತ್ತೋಕೆ ಹೋಗ್ತಾರಲ್ಲ, ಆ ಸಾವನದುರ್ಗದ ಬಂಡೆಯನ್ನು ನಂಬಿಕೊಂಡು.

ಅವರ ಬಿರುದು ‘ಯಲಹಂಕ ನಾಡಪ್ರಭು’. ಇಲ್ಲಿ ‘ನಾಡು’ ಅನ್ನೋ ಮಾತನ್ನು ಗಮನಿಸಿ. ಕರುನಾಡು, ತಮಿಳುನಾಡು ಅಂತ ದೊಡ್ಡದಾಗಿ ಯೋಚಿಸೋ ನಮಗೆ ಅದರ ಹಳೆಯ ಅಳತೆ ಮರೆತುಹೋಗಿದೆ. ಆಗ ನಾಡು ಅಂದ್ರೆ ಒಂದಷ್ಟು ಊರು, ಕೆರೆ, ಸಂತೆಗಳ ಗುಂಪು. ಮೇಲೆ ವಿಜಯನಗರದ ರಾಯರು, ಕೆಳಗೆ ನಾಡಪ್ರಭು. ಕಪ್ಪ ಕಟ್ಟಿದರೆ ಉಳಿದಂತೆ ಅದೊಂದು ಪುಟ್ಟ ದೇಶವೇ: ತನ್ನದೇ ದಂಡು, ತನ್ನದೇ ಖಜಾನೆ, ತನ್ನದೇ ದೇವಸ್ಥಾನ. ಕೆಂಪೇಗೌಡರು ಸ್ವಂತ ನಾಣ್ಯ ಹೊಡೆಸಿದ್ದಕ್ಕೆ ರಾಯರು ಸೆರೆಯಲ್ಲಿಟ್ಟರು ಅನ್ನೋ ಐತಿಹ್ಯವೂ ಇದೆ.

ಈ ನಾಡಿನ ಜನ ಎಂಥವರು? ಆಳುವ ಮನೆತನ ಮೊರಸು ಒಕ್ಕಲಿಗರದು. ಕಂಚಿಯ ಕಡೆಯಿಂದ ಬಂದು ಆವತಿಯಲ್ಲಿ ನೆಲೆ ನಿಂತವರು ಅಂತ ಅವರ ಕುಲಕಥೆ. ನಿಂತಿದ್ದು ಕನ್ನಡದ ನೆಲದಲ್ಲಿ. ಕೆಂಪೇಗೌಡರ ಹೆಸರಿನಲ್ಲಿರೋ ‘ಗಂಗಾಗೌರಿ ವಿಲಾಸ’ ಅನ್ನೋ ಯಕ್ಷಗಾನ ಮಾತ್ರ ತೆಲುಗಿನದು. ಆ ಸಮುದಾಯದ ಹೆಂಗಸರು ‘ಬಂಡಿ ದೇವರ’ ಹರಕೆಗೆ ಎಡಗೈಯ ಕೊನೆಯ ಎರಡು ಬೆರಳು ಕತ್ತರಿಸಿಕೊಳ್ಳುವ ಪದ್ಧತಿ ಇತ್ತು. ಅದನ್ನು ಕೆಂಪೇಗೌಡರು ನಿಲ್ಲಿಸಲು ಹೊರಟರು ಅಂತ ಜನ ಇವತ್ತಿಗೂ ನೆನೆಯುತ್ತಾರೆ.

ವಿಜಯನಗರ ಕುಸಿದ ಮೇಲೆ ಇಂಥ ಸಣ್ಣ ನಾಡುಗಳಿಗೆ ಕೇಡುಗಾಲ. ಪಕ್ಕದ ಚನ್ನಪಟ್ಟಣದಲ್ಲಿ ಜಗದೇವರಾಯರ ಮನೆತನ ಇತ್ತು. 1630ರಲ್ಲಿ ಮೈಸೂರಿನವರು ಅದನ್ನು ನುಂಗಿದರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡು ಬಂತು. ಜೊತೆಗಿದ್ದವನು ಶಹಾಜಿ ಭೋಂಸ್ಲೆ. ಬೆಂಗಳೂರು ಶಹಾಜಿಯ ಜಹಗೀರಾಯಿತು, ಗೌಡರು ಮಾಗಡಿಗೆ ಸರಿದರು.

ಆಮೇಲಿನದು ಸ್ವಾರಸ್ಯ. ಬೆಂಗಳೂರು ಬಿಜಾಪುರದ ಹೆಸರಲ್ಲಿ ಮರಾಠರ ಕೈಲಿತ್ತು. 1687ರಲ್ಲಿ ಮೊಘಲರು ಹಿಡಿದರು. ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಪಡೆದರು. ಶ್ರೀಮಂತ ಪೇಟೆ ಕೈಯಿಂದ ಕೈಗೆ ಓಡಾಡುತ್ತಿದ್ದಾಗ ಬಡ ಮಾಗಡಿ ಮಾತ್ರ ಗೌಡರ ಹತ್ತಿರವೇ ಇತ್ತು! ಕಾರಣ ಶೌರ್ಯವೊಂದೇ ಅಲ್ಲ. ಕಡಿದಾದ ಒಂಟಿ ಬಂಡೆ, ಅದರ ಸುತ್ತ ದಟ್ಟ ಬಿದಿರು ಕಾಡು. ದಂಡು ತಂದವನಿಗೆ ಖರ್ಚು ಜಾಸ್ತಿ, ಗಿಟ್ಟುವುದು ಕಮ್ಮಿ. ಆ ಕಾಡಿನ ಗಟ್ಟಿತನ ಆಮೇಲೂ ಗೊತ್ತಾಯಿತು. 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ವಶದಲ್ಲಿದ್ದ ಇದೇ ಕೋಟೆಯ ಮೇಲೆ ಕಾರ್ನ್‌ವಾಲಿಸನ ಸೈನ್ಯ ಬಂದಾಗ, ಫಿರಂಗಿ ಎಳೆಯಲು ಮೊದಲು ಕಾಡು ಕಡಿದು ದಾರಿ ಮಾಡಬೇಕಾಯಿತು.

ಗೌಡರ ಕಾಲ ಅದಕ್ಕಿಂತ ಮುಂಚೆಯೇ ಮುಗಿದಿತ್ತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದ. ಕೊನೆಯ ಕೆಂಪೇಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಪುಟ್ಟ ದೇಶ ಒಂದು ತಾಲ್ಲೂಕಾಯಿತು.

ಅಲ್ಲಿಂದಾಚೆ ಈ ಸೀಮೆಗೆ ಹೆಸರುಗಳನ್ನು ಬೇರೆಯವರೇ ಕೊಡುತ್ತ ಬಂದರು. ಇವತ್ತಿನ ರಾಮನಗರ ಟಿಪ್ಪು ಕಾಲದಲ್ಲಿ ಶಂಸೇರಾಬಾದ್. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಲ್ಲಿನ ಕಲ್ಲಿಗೆ ಇನ್ನೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾನೇ ಅನ್ನೋದು. 2007ರಲ್ಲಿ ರಾಮನಗರ ಜಿಲ್ಲೆ ಹುಟ್ಟಿತು. 2025ರ ಮೇನಲ್ಲಿ ಅದನ್ನು ‘ಬೆಂಗಳೂರು ದಕ್ಷಿಣ’ ಮಾಡಲು ಸಚಿವ ಸಂಪುಟ ಒಪ್ಪಿತು. ಬೆಂಗಳೂರು ಅನ್ನೋ ಹೆಸರಿದ್ರೆ ಹೂಡಿಕೆ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅನ್ನೋದು ಸಮರ್ಥನೆ.

ಬೆಲೆ ಬರಲಿ, ಯಾರು ಬೇಡ ಅಂತಾರೆ? ಆದರೆ ಹೆಸರು ಒಂದು ಲೆಕ್ಕವನ್ನೂ ಹೇಳುತ್ತೆ. ಬೆಂಗಳೂರು ಮೂಲ, ಉಳಿದದ್ದು ಅದರ ದಿಕ್ಕು ಅನ್ನೋ ಲೆಕ್ಕ. ಚರಿತ್ರೆಯ ಲೆಕ್ಕ ಬೇರೆಯೇ ಇದೆ. ಬೆಂಗಳೂರು ಈ ನಾಡಿನವರು ಕಟ್ಟಿದ ಒಂದು ಪೇಟೆ. ಪೇಟೆ ಹೋದರೂ ನಾಡು ಉಳಿದಿತ್ತು.

ಏರ್‌ಪೋರ್ಟಿನ ಕೆಂಪೇಗೌಡರ ಪ್ರತಿಮೆ 108 ಅಡಿ ಎತ್ತರ. ಅವರ ಸಮಾಧಿ ಅಂತ 2015ರಲ್ಲಿ ಬೆಳಕಿಗೆ ಬಂದದ್ದು ಮಾಗಡಿ ತಾಲ್ಲೂಕಿನ ಕೆಂಪಾಪುರದ ಒಂದು ಕಲ್ಲುಮಂಟಪ. ಪ್ರತಿಮೆಯನ್ನು ಫ್ಲೈಟ್ ಹತ್ತೋರೆಲ್ಲ ನೋಡ್ತಾರೆ. ಮಂಟಪದ ದಾರಿ ಕೇಳಬೇಕಂದ್ರೆ ಮಾಗಡಿಯವರನ್ನೇ ಕೇಳಬೇಕು.