ನಗರದ ರೈತರ ಕೂಟ

ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ‘ನಗರದ ದಂಗೆ’ ಎಂದು ಹೆಸರು. ಹೆಸರಿಟ್ಟವರು ಅದನ್ನು ಅಡಗಿಸಿದವರು. ರೈತರು ತಾವು ಸೇರುತ್ತಿದ್ದುದನ್ನು ‘ಕೂಟ’ ಎನ್ನುತ್ತಿದ್ದರು. 1830ರ ಉತ್ತರಾರ್ಧದಲ್ಲಿ ಹೊಸಂತೆ, ಬಸವಾಪಟ್ಟಣಗಳ ಕಡೆ ಹಳ್ಳಿಹಳ್ಳಿಗಳ ರೈತರು ಹೀಗೆ ಕೂಡಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ನೆರೆಯ ಸೀಮೆಗಳಿಗೂ ಕರೆ ಹೋಯಿತು.

ಕಾರಣವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ದುಂದುಗಾರಿಕೆಯೊಂದರಲ್ಲೇ ಹುಡುಕುವುದು ಸುಲಭ, ಆದರೆ ಸಾಲದು. ಅಮಲ್ದಾರನು ಸರ್ಕಾರಕ್ಕೆ ಇಂತಿಷ್ಟು ಹಣ ತಂದೇ ತೀರುವೆನೆಂದು ಬರೆದುಕೊಡುವ ‘ಶರ್ತಿ’ ಎಂಬ ಪದ್ಧತಿಯಿತ್ತು. ವಸೂಲಿ ಕಡಿಮೆಯಾದರೆ ಕೊರತೆಯನ್ನು ಅವನೇ ತುಂಬಬೇಕು. ಹೆಚ್ಚಾದರೆ ಅದೂ ಸರ್ಕಾರದ್ದೇ. ಇಂಥ ಕರಾರಿಗೆ ಕೈಹಾಕಿದವನು ರೈತನನ್ನು ಹಿಂಡದೆ ಬದುಕುವಂತಿರಲಿಲ್ಲ. ಅದೇ ಕಾಲದಲ್ಲಿ ಧಾನ್ಯದ ಬೆಲೆ ಕುಸಿದಿತ್ತು. ಕಂದಾಯವನ್ನು ಮಾತ್ರ ನಗದಾಗಿಯೇ ಕಟ್ಟಬೇಕಿತ್ತು. ಮೇಲಾಗಿ ಇದು ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಕ್ರಮವನ್ನು ಮರೆಯದ ನಾಡು. ಆದ್ದರಿಂದಲೇ ಬೂದಿ ಬಸವಪ್ಪನೆಂಬವನು ಕೆಳದಿ ವಂಶದವನೆಂದು ಹೇಳಿಕೊಂಡು ಬಂದಾಗ ಜನ ಅವನನ್ನು ನಗರದ ದೊರೆಯೆಂದು ಒಪ್ಪಿಕೊಂಡರು. ಅವನ ವಂಶಾವಳಿ ಸುಳ್ಳಾಗಿದ್ದಿರಬಹುದು. ಜನರಿಗೆ ಬೇಕಿದ್ದುದು ವಂಶಾವಳಿಯಲ್ಲ, ಆ ಹಳೆಯ ತೆರಿಗೆಯ ಲೆಕ್ಕ ಎಂದು ನನಗನ್ನಿಸುತ್ತದೆ. ತರೀಕೆರೆಯ ಪಾಳೆಯಗಾರರೂ ಸೇರಿದ ಮೇಲೆ ಕೂಟ ಯುದ್ಧವಾಯಿತು.

ದಿವಾನ್ ವೆಂಕಟೇ ಅರಸು ಸೈನ್ಯದೊಡನೆ ಹೊರಟರು. ಮಹಾರಾಜರೂ ಚನ್ನರಾಯಪಟ್ಟಣದವರೆಗೆ ಬಂದರು. ರೈತರ ಅಹವಾಲು ಕೇಳುವ ಮಾತಿನ ಜೊತೆಗೇ ನೇಣಿನ ಶಿಕ್ಷೆಗಳೂ ನಡೆದವು. ಅಷ್ಟರಿಂದ ಮಣಿಯದಾಗ ಕಂಪನಿಯ ಪಡೆ ಇಳಿಯಿತು. 1831ರ ಜೂನ್ ಹೊತ್ತಿಗೆ ನಗರ ಪಟ್ಟಣ ಅದರ ಕೈಸೇರಿತ್ತು.

ಮುಂದಿನದು ನಮಗೆಲ್ಲ ಗೊತ್ತಿರುವ ಭಾಗ. ಗವರ್ನರ್ ಜನರಲ್ ಬೆಂಟಿಂಕ್ 1799ರ ಒಪ್ಪಂದವನ್ನು ಮುಂದಿಟ್ಟು ಅಕ್ಟೋಬರಿನಲ್ಲಿ ಆಡಳಿತವನ್ನು ಕಿತ್ತುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಹೊರನಾಡಿನಿಂದ ಬಂದು ಕಬ್ಬನ್ ಪಾರ್ಕಿನಲ್ಲಿ ಅಡ್ಡಾಡುವ ನಮಗೆ ಆ ಹೆಸರಿನ ಬೇರು ಮಲೆನಾಡಿನ ಈ ಕೂಟದಲ್ಲಿದೆಯೆಂಬುದು ಹೊಳೆಯುವುದಿಲ್ಲ. ದಂಗೆಯ ಕಾರಣ ವಿಚಾರಿಸಲು ನೇಮಿಸಿದ ಹಾಕರ್ ಸಮಿತಿಯ ಸದಸ್ಯರಲ್ಲಿ ಮಾರ್ಕ್ ಕಬ್ಬನ್ ಒಬ್ಬರು. 1834ರಿಂದ ಅವರೇ ಮೈಸೂರಿನ ಕಮಿಷನರ್. ಆ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಒಪ್ಪಿಸಿತು. ರೈತರ ದೂರುಗಳಲ್ಲಿ ಹುರುಳಿತ್ತೆಂದು ಅದು ಕಂಡುಕೊಂಡಾಗ, ದೂರು ಹೇಳಹೋದವರಲ್ಲಿ ಹಲವರು ನೇಣುಗಂಬವೇರಿ ಎರಡು ವರ್ಷಕ್ಕೂ ಮೇಲಾಗಿತ್ತು.