ಪಲ್ಲಡದ ಹಾದಿಯ ಎರಡು ತುದಿಗಳು: 1965ರ ವಿದ್ಯಾರ್ಥಿ ಚಳವಳಿಯೂ ಪೋಲೀಸರ ಬಲಪ್ರಯೋಗವೂ

ಕೊಯಮತ್ತೂರಿನಿಂದ ತಿರುಚಿನಾಪಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ ಪಲ್ಲಡಂ ಎಂಬ ಊರಿದೆ. ಅಲ್ಲಿಂದ ಉತ್ತರಕ್ಕೆ ಹೊರಟ ರಸ್ತೆ ತಿರುಪ್ಪೂರನ್ನೂ, ನೈಋತ್ಯಕ್ಕೆ ಹೊರಟದ್ದು ಪೊಳ್ಳಾಚಿಯನ್ನೂ ಮುಟ್ಟುತ್ತದೆ. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಗುವ ತನಕ ಈ ಮೂರೂ ಊರುಗಳು ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. ನಮ್ಮ ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಅದೇ ಜಿಲ್ಲೆಯ ತಾಲ್ಲೂಕು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ಆ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಆದಕಾರಣ 1965ರಲ್ಲಿ ಆ ಹಾದಿಯ ಎರಡು ತುದಿಗಳಲ್ಲಿ ನಡೆದುದನ್ನು ಪರನಾಡಿನ ಸುದ್ದಿಯೆಂದು ನಾವು ತಳ್ಳಿಬಿಡುವಂತಿಲ್ಲ.

ಕಾರಣವು ಎಲ್ಲರೂ ಬಲ್ಲದ್ದು. ಸಂವಿಧಾನವು ಇಂಗ್ಲಿಷಿಗೆ ಕೊಟ್ಟಿದ್ದ ಹದಿನೈದು ವರ್ಷಗಳ ಅವಧಿ 1965ರ ಜನವರಿ 26ಕ್ಕೆ ತೀರುತ್ತಿತ್ತು. 1963ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಇಂಗ್ಲಿಷನ್ನು ಮುಂದೆಯೂ ಬಳಸ'ಬಹುದು' ಎಂದಿತ್ತೇ ಹೊರತು ಬಳಸತಕ್ಕದ್ದು ಎಂದಿರಲಿಲ್ಲ. ಕೇಂದ್ರ ಸರಕಾರದ ನೌಕರಿಯ ಪರೀಕ್ಷೆಗಳು ಹಿಂದಿಯಲ್ಲೇ ನಡೆದರೆ ನಮ್ಮ ಗತಿಯೇನು ಎಂಬುದು ಮದರಾಸು ರಾಜ್ಯದ ವಿದ್ಯಾರ್ಥಿಗಳ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಕನ್ನಡದ ಹುಡುಗನಿಗೂ ಅದೇ ಪ್ರಶ್ನೆಯಿತ್ತು.

ಜನವರಿ 25ರಂದು ಮಧುರೆಯಲ್ಲಿ ವಿದ್ಯಾರ್ಥಿಗಳ ಮೆರವಣಿಗೆಗೂ ಕಾಂಗ್ರೆಸ್ಸಿನವರಿಗೂ ಘರ್ಷಣೆಯಾಯಿತು. 27ರಂದು ಚಿದಂಬರದಲ್ಲಿ ಪೋಲೀಸರು ಗುಂಡು ಹಾರಿಸಿದರು. ಅಣ್ಣಾಮಲೈ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಜೇಂದ್ರನ್ ಸತ್ತನು. ಅಲ್ಲಿಗೆ ಚಳವಳಿಯ ಸ್ವರೂಪವೇ ಬದಲಾಯಿತೆಂದು ನಮ್ಮ ಎಣಿಕೆ. ಅದುವರೆಗೆ ಭಾಷೆಯ ಮಾತಾಗಿದ್ದುದು ಅಂದಿನಿಂದ ಸತ್ತ ಹುಡುಗನ ಮಾತಾಯಿತು. ಮುಖ್ಯಮಂತ್ರಿ ಭಕ್ತವತ್ಸಲಂ ಅವರ ಸರಕಾರ ಕಾಲೇಜುಗಳಿಗೆ ರಜೆ ಕೊಟ್ಟಿತು. ಶಾಲೆಯ ಬೀಗದಕೈ ಇಟ್ಟುಕೊಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಬಾಗಿಲು ಮುಚ್ಚಿದ ದಿನ ಹುಡುಗರು ಮನೆಗೆ ಹೋಗುವುದಿಲ್ಲ, ಪೇಟೆಗೆ ಹೋಗುತ್ತಾರೆ. ಪೇಟೆಯಲ್ಲಿ ವಿದ್ಯಾರ್ಥಿ ಯಾರು, ಗುಂಪಿಗೆ ಬಂದು ಸೇರಿದವನು ಯಾರು ಎಂಬುದನ್ನು ಲಾಠಿ ವಿಚಾರಿಸುವುದಿಲ್ಲ.

ಫೆಬ್ರವರಿಯಲ್ಲಿ ಬೆಂಕಿ ಕೊಯಮತ್ತೂರು ಜಿಲ್ಲೆಗೆ ಬಂದಿತು. ಪಲ್ಲಡದ ಉತ್ತರದ ತುದಿಯಾದ ತಿರುಪ್ಪೂರಿನಲ್ಲಿ ಗುಂಪು ಇಬ್ಬರು ಪೋಲೀಸ್ ಸಬ್ ಇನ್‌ಸ್ಪೆಕ್ಟರುಗಳನ್ನು ಸುಟ್ಟು ಕೊಂದಿತು. ಇದನ್ನು ಮರೆಮಾಚಿ ಚಳವಳಿಯ ಚರಿತ್ರೆ ಬರೆಯುವವರುಂಟು, ಅದು ಸರಿಯಲ್ಲ. ಇದೇ ಊರಿನಲ್ಲಿ 1932ರ ಜನವರಿಯಲ್ಲಿ ಬಾವುಟ ಹಿಡಿದು ಮೆರವಣಿಗೆ ಹೊರಟ ಕುಮಾರನ್ ಪೋಲೀಸರ ಲಾಠಿ ಏಟಿಗೆ ಬಿದ್ದು, 11ನೆಯ ತಾರೀಖು ಪ್ರಾಣ ಬಿಟ್ಟಿದ್ದರು. ಆಗ ಅವರ ವಯಸ್ಸು 27. ಪೆಟ್ಟು ತಿಂದರೂ ಬಾವುಟವನ್ನು ಕೈಬಿಡದವರೆಂದು ತಮಿಳರು ಅವರನ್ನು ಇಂದಿಗೂ ಕೊಂಡಾಡುತ್ತಾರೆ. ಮೂವತ್ತಮೂರು ವರ್ಷಗಳ ಅಂತರದಲ್ಲಿ ಒಂದೇ ಊರು ಪೋಲೀಸರ ಕೈಯಲ್ಲಿ ಸತ್ತವನನ್ನೂ ಕಂಡಿತು, ಗುಂಪಿನ ಕೈಯಲ್ಲಿ ಸತ್ತ ಪೋಲೀಸರನ್ನೂ ಕಂಡಿತು. ಕುಮಾರನ್ನರ ಹೆಸರು ಮಕ್ಕಳಿಗೂ ಗೊತ್ತು. ಆ ಇಬ್ಬರು ಅಧಿಕಾರಿಗಳ ಹೆಸರನ್ನು ಕೇಳಿದರೆ ಹೇಳುವವರು ವಿರಳ.

ಫೆಬ್ರವರಿ 11ರಂದು ಕೇಂದ್ರ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ, ಓ. ವಿ. ಅಳಗೇಶನ್ ಇಬ್ಬರೂ ರಾಜೀನಾಮೆ ಕೊಟ್ಟರು. ಸುಬ್ರಹ್ಮಣ್ಯಂ ಅವರು ಪೊಳ್ಳಾಚಿಯ ಕಡೆಯವರೇ. ಅದೇ ದಿನ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ರೇಡಿಯೋದಲ್ಲಿ ಮಾತನಾಡಿ, ನೆಹರೂ ಅವರು ಕೊಟ್ಟಿದ್ದ ಭರವಸೆಯನ್ನು ನಡೆಸಿಕೊಡುವೆವೆಂದರು. ಮರುದಿನ, 12ರಂದು, ಪಲ್ಲಡದ ದಕ್ಷಿಣದ ತುದಿಯಾದ ಪೊಳ್ಳಾಚಿಯಲ್ಲಿ ಗುಂಡು ಹಾರಿತು, ಸೈನ್ಯವೂ ಬಂದಿತ್ತು. ಬೇಡಿಕೆಗೆ ದಿಲ್ಲಿ ಅರ್ಧ ಒಪ್ಪಿದ ಮೇಲೆ ಬಿದ್ದ ಹೆಣಗಳವು. ಇದೇ ನಮ್ಮನ್ನು ಹೆಚ್ಚು ಕಾಡುವ ಸಂಗತಿ. ಇಡೀ ಚಳವಳಿಯಲ್ಲಿ ಸತ್ತವರು ಸರಕಾರದ ಲೆಕ್ಕದಂತೆ ಸುಮಾರು 70. ಹೊರಗಿನವರ ಲೆಕ್ಕದಲ್ಲಿ ನೂರಾರು. ಲೆಕ್ಕವೇ ಹೊಂದದ ಕಡೆ ಹೆಸರುಗಳು ಉಳಿಯುವುದೆಂತು?

ಕನ್ನಡನಾಡಿನಲ್ಲಿ ಇಂಥವು ನಡೆದಿಲ್ಲವೆಂದಲ್ಲ. 1942ರಲ್ಲಿ ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೋಲೀಸರ ಗುಂಡಿಗೆ ಬಿದ್ದನು. ಸ್ವಾತಂತ್ರ್ಯ ಬಂದು ತಿಂಗಳು ಕಳೆಯುವುದರೊಳಗೆ, 1947ರ ಸೆಪ್ಟೆಂಬರಿನಲ್ಲಿ, ಮೈಸೂರು ಚಲೋ ಚಳವಳಿಯಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದನು. ಅವನ ಹೆಸರಿನ ವೃತ್ತ ಮೈಸೂರಿನಲ್ಲಿದೆ. ಆದರೆ ಆಗ ಎದುರಿಗಿದ್ದುದು ಒಮ್ಮೆ ಪರಕೀಯ ಸರಕಾರ, ಇನ್ನೊಮ್ಮೆ ಅರಸರ ಸರಕಾರ. 1965ರ ಸರಕಾರವನ್ನು ಜನರೇ ಓಟು ಹಾಕಿ ಆರಿಸಿದ್ದರು. 1967ರ ಚುನಾವಣೆಯಲ್ಲಿ ಅದೇ ಜನರು ಅದನ್ನು ಇಳಿಸಿದರು. ವಿರುದುನಗರದಲ್ಲಿ ಕಾಮರಾಜರನ್ನು ಸೋಲಿಸಿದವರು ವಿದ್ಯಾರ್ಥಿ ನಾಯಕರಾಗಿದ್ದ ಪಿ. ಶ್ರೀನಿವಾಸನ್. 1968ರ ಜನವರಿಯಲ್ಲಿ ಅಲ್ಲಿನ ಶಾಸನಸಭೆ ತಮಿಳು, ಇಂಗ್ಲಿಷು ಎಂಬ ಎರಡೇ ಭಾಷೆಗಳ ನೀತಿಯನ್ನು ಅಂಗೀಕರಿಸಿತು. ಆ ಎರಡರಲ್ಲಿ ನೇಕಾರನ ಮಗುವಿನ ಮನೆಮಾತು ಸೇರಲಿಲ್ಲ. ಗಡಿಯ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಒಂದು ಮಾತು ಉಳಿದಿದೆ. 1965ರಲ್ಲಿ ಜಾರಿಯಲ್ಲಿದ್ದುದು 1898ರ ದಂಡ ಪ್ರಕ್ರಿಯಾ ಸಂಹಿತೆ. ಅಕ್ರಮ ಕೂಟಕ್ಕೆ ಚದುರಿಹೋಗಲು ಮೊದಲು ಅಪ್ಪಣೆ ಕೊಡಬೇಕು, ಚದುರದಿದ್ದರೆ ಬಲ ಪ್ರಯೋಗಿಸಬಹುದು ಎಂದು ಅದರ 127, 128ನೆಯ ಕಲಮುಗಳು ಹೇಳುತ್ತಿದ್ದವು. ಸೈನ್ಯವನ್ನು ಕರೆಸಿದಾಗ ಮಾತ್ರ, ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು, ಸಾಧ್ಯವಾದಷ್ಟು ಕಡಿಮೆ ಕೇಡು ಮಾಡಬೇಕು ಎಂಬ ಮಾತು 130ನೆಯ ಕಲಮಿನಲ್ಲಿ ಬರುತ್ತಿತ್ತು. ಪೋಲೀಸರ ಕಲಮಿನಲ್ಲಿ ಆ ಮಾತಿರಲಿಲ್ಲ. 1973ರಲ್ಲಿ ಹೊಸ ಸಂಹಿತೆ ಬಂದಿತು; 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿಯೂ ಆ ಮಾತು ಸೈನ್ಯಕ್ಕೆ ಸಂಬಂಧಿಸಿದ 149ನೆಯ ಕಲಮಿನಲ್ಲಿದೆ. ಪೋಲೀಸರಿಗೆ ಸಂಬಂಧಿಸಿದ 148ರಲ್ಲಿ ಇಲ್ಲ.